ಪರದೆಯ ಮೇಲೊಂದು ಕಣ್ಣು: ಗಂಧ ಬಳಿಯದೆ ಆಡಿದ ಮಾತು



ಈ ಅಂಕಣದ ಕೆಲಸವೇ ತಪ್ಪು ಹುಡುಕುವುದೆಂದು ನೀವು ಬಲ್ಲಿರಿ. ಸಿನಿಮಾದ ರಾಣಿಯ ಮೂಗುಬೊಟ್ಟು ಒಂದು ನೋಟದಲ್ಲಿ ಎಡಕ್ಕೂ ಮುಂದಿನ ನೋಟದಲ್ಲಿ ಬಲಕ್ಕೂ ಇದ್ದರೆ, ಅಳುತ್ತಿದ್ದ ನಾಯಕಿಯ ಕಣ್ಣ ಕಾಡಿಗೆ ಅರೆಗಳಿಗೆಯಲ್ಲಿ ತಾನಾಗಿ ತೊಳೆದುಹೋಗಿದ್ದರೆ, ಅದನ್ನು ಹೆಕ್ಕಿ ತಂದು ಮೂರು ತಿಂಗಳಿಗೊಮ್ಮೆ ನಿಮ್ಮ ಮುಂದೆ ಸುರಿಯುವುದು ನನ್ನ ಕಾಯಕ. ಆದರೆ ಊರವರ ಬೆನ್ನು ನೋಡುವವನಿಗೆ ತನ್ನ ಬೆನ್ನು ಕಾಣುವುದಿಲ್ಲ. ನನ್ನ ಬೆನ್ನನ್ನು ನನಗೆ ತೋರಿಸಿಕೊಟ್ಟವಳು ಹನ್ನೊಂದು ವರ್ಷದ ನನ್ನ ಮೊಮ್ಮಗಳು. ಆದಕಾರಣ ಈ ಸಂಚಿಕೆಯಲ್ಲಿ ಮೊದಲು ನನ್ನ ತಪ್ಪೊಪ್ಪಿಗೆ; ಮಿಕ್ಕವರ ತಪ್ಪು ಆಮೇಲೆ.

ನಡೆದದ್ದಿಷ್ಟು. ರಾಜ್ಯೋತ್ಸವದ ದಿನ ಮಕ್ಕಳಿಗೆ ರಸಪ್ರಶ್ನೆಯ ಸ್ಪರ್ಧೆ ಇತ್ತು. ದೆಹಲಿಯಲ್ಲೇ ಹುಟ್ಟಿ ಬೆಳೆದ ಈ ಹುಡುಗಿ ಶಾಲೆಯಲ್ಲಿ ಓದುವುದು ಹಿಂದಿ, ಇಂಗ್ಲಿಷು. ಕನ್ನಡ ಅಕ್ಷರ ಕೂಡಿಸಿ ಓದಲು ಕಲಿತದ್ದು ನಮ್ಮ ಈ ಪತ್ರಿಕೆಯ ಪುಟಗಳ ಮೇಲೆ ಬೆರಳಿಟ್ಟು. ಕೊನೆಯ ಸುತ್ತಿನವರೆಗೂ ಅವಳೇ ಮುಂದಿದ್ದಳು. ಆಗ ಪ್ರಶ್ನೆ ಬಂತು: ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಯಾವ ಊರಿನಲ್ಲಿ? ಇವಳು ಎಲ್ಲರಿಗಿಂತ ಮೊದಲು ಕೈಯೆತ್ತಿ, “ಬೆಂಗಳೂರು!” ಎಂದಳು. “ತಪ್ಪು, ಕೊಲ್ಹಾಪುರ” ಎಂದರು ಪ್ರಶ್ನೆ ಕೇಳಿದವರು. ಒಂದೇ ಒಂದು ಅಂಕದಿಂದ ಮೊದಲ ಬಹುಮಾನ ಕೈಬಿಟ್ಟಿತು.

ಮೆಟ್ರೋದಲ್ಲಿ ದಾರಿಯುದ್ದಕ್ಕೂ ಅವಳು ತುಟಿ ಬಿಚ್ಚಲಿಲ್ಲ. ಜಿ.ಟಿ.ಬಿ. ನಗರ ನಿಲ್ದಾಣದಲ್ಲಿಳಿದು ಮೇಲೆ ಬರುವಾಗ ಮೆಲ್ಲಗೆ ಕೇಳಿದಳು: “ತಾತ, ಬೆಂಗಳೂರು ಅಂತ ನೀವೇ ಬರೆದಿದ್ದಲ್ವಾ? ನಾನು ನಿಮ್ಮದನ್ನೇ ಬಾಯಿಪಾಠ ಮಾಡಿದ್ದೆ.”

ಹೌದು. ಕಳೆದ ಸಂಚಿಕೆಯಲ್ಲಿ ನಾನೇ ಬರೆದಿದ್ದೆ. ಮನೆಗೆ ಬಂದು ಪತ್ರಿಕೆ ತೆರೆದು ನೋಡಿದೆ. ಅಕ್ಷರಗಳು ನನ್ನನ್ನೇ ದಿಟ್ಟಿಸುತ್ತಿದ್ದವು. ಅಚ್ಚಿನ ಮೊಳೆಯ ಮೇಲೆ ಹೊರಿಸಿಬಿಡೋಣವೆಂದು ಒಂದು ಕ್ಷಣ ಮನಸ್ಸಾದದ್ದು ಸುಳ್ಳಲ್ಲ. ಆದರೆ ಮೊಳೆ ಎಷ್ಟೇ ಕೆಟ್ಟದ್ದಾದರೂ ಕೊಲ್ಹಾಪುರವನ್ನು ಬೆಂಗಳೂರಾಗಿ ಮಾಡಲಾರದು.

ಈ ತಪ್ಪು ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ನಮ್ಮ ಮನೆಯ ಭಾನುವಾರದ ಕಟ್ಟಳೆಯನ್ನು ನಿಮಗೆ ಹೇಳಬೇಕು.

ಭಾನುವಾರದ ಕಟ್ಟಳೆ

ಮುಖರ್ಜಿ ನಗರವೆಂದರೆ ಹೊರಗಿನವರ ಪಾಲಿಗೆ ಪರೀಕ್ಷೆಗಳ ಊರು. ಬೀದಿಯ ಎರಡೂ ಮಗ್ಗುಲಲ್ಲಿ ಐ.ಎ.ಎಸ್. ಪಾಠಶಾಲೆಗಳ ಬೋರ್ಡುಗಳು, ಟಿಪ್ಪಣಿಗಳ ಜೆರಾಕ್ಸ್ ಅಂಗಡಿಗಳು, ಹಳೆಯ ಪುಸ್ತಕದ ರಾಶಿಗಳು. ನಮಗೆ ಒಂದು ಚಿತ್ರಮಂದಿರವೂ ಇತ್ತು, ಬತ್ರಾ ಸಿನಿಮಾ ಎಂದು. ಅದು ಮುಚ್ಚಿ ವರ್ಷಗಳೇ ಸಂದವು. ಆದರೂ ರಿಕ್ಷಾದವನಿಗೆ “ಬತ್ರಾ” ಎಂದರೆ ಸಾಕು, ಮರುಪ್ರಶ್ನೆಯಿಲ್ಲದೆ ತಂದು ಇಳಿಸುತ್ತಾನೆ. ಚಿತ್ರ ನಿಂತುಹೋದ ಮೇಲೂ ಹೆಸರು ಓಡುತ್ತಲೇ ಇದೆ.

ಈ ಊರಿಗೆ ಕರ್ನಾಟಕದಿಂದಲೂ ಹುಡುಗ ಹುಡುಗಿಯರು ಬಂದು ಕೋಣೆ ಹಿಡಿದು ಓದುತ್ತಾರೆ. ಅವರಲ್ಲಿ ಐದಾರು ಮಂದಿ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬರುವುದುಂಟು. ಬರುವುದು ನನ್ನ ಮಾತಿಗಲ್ಲ, ನಮ್ಮಾಕೆಯ ಬಿಸಿಬೇಳೆ ಅನ್ನಕ್ಕೆ. ಊಟವಾದ ಮೇಲೆ ಟೆಲಿವಿಷನ್ನಿನಲ್ಲಿ ಒಂದು ಕನ್ನಡ ಚಿತ್ರ. ಚಿತ್ರದ ಜೊತೆಗೆ ತಪ್ಪು ಹುಡುಕುವ ಆಟ. ಸರಿಯಾದ ತಪ್ಪು ಹಿಡಿದವರಿಗೆ ಒಂದು ಅಂಕ; ತಪ್ಪಲ್ಲದ್ದನ್ನು ತಪ್ಪೆಂದವರಿಗೆ ಮೂರರಲ್ಲೊಂದು ಅಂಕ ಕಡಿತ. ಅವರು ಬರೆಯುವ ಪ್ರಿಲಿಮ್ಸ್ ಪರೀಕ್ಷೆಯ ಪದ್ಧತಿಯೇ ಇದು; ಆದ್ದರಿಂದ ಯಾರೂ ಜಗಳವಾಡುವುದಿಲ್ಲ.

ಈ ಆಟಕ್ಕೊಬ್ಬ ಕುಲಗುರು ಇದ್ದಾನೆ. ಅವನೇ ಜಕಣಾಚಾರಿಯ ಮಗ ಡಂಕಣ. ಕತೆ ನಿಮಗೆಲ್ಲ ಗೊತ್ತು. ಬೇಲೂರಿನಲ್ಲಿ ತಂದೆ ಕಡೆದ ವಿಗ್ರಹದಲ್ಲಿ ದೋಷವಿದೆಯೆಂದು ಗುರುತಿಲ್ಲದ ಒಬ್ಬ ತರುಣ ನುಡಿದ. ದೋಷ ತೋರಿಸಿದರೆ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದ ಜಕಣಾಚಾರಿ. ತರುಣ ವಾದಕ್ಕೆ ನಿಲ್ಲಲಿಲ್ಲ. ವಿಗ್ರಹಕ್ಕೆಲ್ಲ ಗಂಧ ಬಳಿದು ಕಾದು ಕುಳಿತ. ಮೈಯೆಲ್ಲ ಒಣಗಿತು, ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿಯಿಟ್ಟಾಗ ನೀರು, ಮರಳು, ಒಂದು ಕಪ್ಪೆ ಹೊರಬಂದವು. ಕಪ್ಪೆ ಚೆನ್ನಿಗರಾಯನೆಂಬ ಹೆಸರು ಇಂದಿಗೂ ಬೇಲೂರಿನಲ್ಲಿದೆ. ಈ ಕತೆಯನ್ನೇ ಬಿ.ಎಸ್. ರಂಗಾ ಅವರು ‘ಅಮರಶಿಲ್ಪಿ ಜಕಣಾಚಾರಿ’ ಎಂದು 1964ರಲ್ಲಿ ತೆರೆಗೆ ತಂದರು. ಪೂರ್ತಿ ವರ್ಣದಲ್ಲಿ ಬಂದ ಮೊದಲ ಕನ್ನಡ ಚಿತ್ರ ಅದು.

ಆದ್ದರಿಂದ ನಮ್ಮ ಮನೆಯಲ್ಲಿ ಯಾರಾದರೂ “ತಪ್ಪು!” ಎಂದು ಕೂಗಿದರೆ ಉಳಿದವರು ಒಕ್ಕೊರಲಿನಿಂದ “ಗಂಧ ಬಳಿಯಪ್ಪಾ!” ಎನ್ನುತ್ತಾರೆ. ಸಾಕ್ಷಿ ತೋರಿಸು ಎಂದರ್ಥ. ಅಂದಹಾಗೆ, ಈ ಕಟ್ಟಳೆಯನ್ನು ಕತೆಯ ಮೇಲೂ ಹೇರಿದ ಹಾಸನದ ಹುಡುಗನೊಬ್ಬನಿದ್ದಾನೆ. ಬೇಲೂರಿನ ಶಿಲ್ಪಗಳ ಕೆಳಗೆ ಸಹಿಯಾಗಿ ಉಳಿದಿರುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರು. ಜಕಣಾಚಾರಿಯದು ಜನರ ಬಾಯಲ್ಲಿ ಬೆಳೆದ ಕತೆ ಎಂದು ಅವನ ವಾದ. ಅವನಿಗೆ ಒಂದು ಅಂಕ ಕೊಟ್ಟೆವು. ಅಲ್ಲಿಯೂ ತಂದೆ ಮಗ ಇಬ್ಬರೂ ಇರುವುದನ್ನು ಕಂಡು ನಮ್ಮಾಕೆಗೆ ಸಂತೋಷವಾಯಿತು.

ನಿಜವಾದ ತಪ್ಪುಗಳು

ಪೌರಾಣಿಕ ಚಿತ್ರ ಹಾಕಿದ ದಿನ ಅಂಕಗಳ ಸುಗ್ಗಿ. ರಾಯಚೂರಿನ ಒಬ್ಬ ಹುಡುಗಿ ಸಸ್ಯಶಾಸ್ತ್ರ ಓದಿದವಳು. ದೇವೇಂದ್ರನ ಸಭೆಯ ಕಂಬಗಳಿಗೆ ಚೆಂಡುಹೂವಿನ ಮಾಲೆ ಕಂಡರೆ ಅವಳು ಕುಳಿತಲ್ಲಿ ಕುಳಿತಿರುವುದಿಲ್ಲ. ಚೆಂಡುಹೂವು ಮೆಕ್ಸಿಕೋ ಕಡೆಯದು. ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ, ಅನಾನಸು, ಸೀಬೆ, ಪರಂಗಿ, ಗೋಡಂಬಿ, ಕಡಲೆಕಾಯಿ ಇವೆಲ್ಲವೂ ಅಮೆರಿಕ ಖಂಡದಿಂದ ಬಂದವು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದೇ 1498ರಲ್ಲಿ. ಪೋರ್ಚುಗೀಸರ ಹಡಗುಗಳು ಈ ಬೀಜಗಳನ್ನು ತಂದದ್ದು ಆಮೇಲೆ. ಹೀಗಿರುವಾಗ ದಶರಥನ ಅರಮನೆಯ ತಟ್ಟೆಯಲ್ಲಿ ಅನಾನಸ್ ಹಣ್ಣು ನಗುತ್ತ ಕುಳಿತಿದ್ದರೆ ಒಂದು ಅಂಕ ಕೊಡದೆ ವಿಧಿಯಿಲ್ಲ. “ಹಾಗಾದರೆ ಶ್ರೀರಾಮ ಖಾರಕ್ಕೆ ಏನು ಮಾಡುತ್ತಿದ್ದ?” ಎಂದು ಮೊಮ್ಮಗಳ ಪ್ರಶ್ನೆ. ಒಳ್ಳೆಯ ಮೆಣಸು ಇತ್ತಲ್ಲ ಮಗು, ಶುಂಠಿಯಿತ್ತು, ಹಿಪ್ಪಲಿಯಿತ್ತು. ಮೆಣಸಿನಕಾಯಿಗೆ ನಮ್ಮವರು ಹೆಸರಿಟ್ಟದ್ದೇ ಆ ಮೆಣಸನ್ನು ನೆನೆದು.

ಇನ್ನು ರಥದ ಚಕ್ರ. ಕುದುರೆಗಳು ಮುಂದಕ್ಕೆ ಹಾರುತ್ತಿವೆ, ಚಕ್ರದ ಅರಗಳು ಹಿಂದಕ್ಕೆ ತಿರುಗುತ್ತಿವೆ! ಇದನ್ನು ತಪ್ಪೆಂದವರಿಗೆ ಅಂಕ ಕಡಿತ. ಇದು ಯಾರ ತಪ್ಪೂ ಅಲ್ಲ, ಕ್ಯಾಮೆರಾದ ಸ್ವಭಾವ. ಅದು ಸೆಕೆಂಡಿಗೆ 24 ಚಿತ್ರ ತೆಗೆಯುತ್ತದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಒಂದು ಅರವು ತನ್ನ ಮುಂದಿನ ಅರದ ಜಾಗದ ಹತ್ತಿರ ಹತ್ತಿರಕ್ಕೆ ಬಂದು, ಕೂದಲೆಳೆಯಷ್ಟು ಹಿಂದೆ ನಿಂತಿರುತ್ತದೆ. ಎಲ್ಲ ಅರಗಳೂ ನೋಡಲು ಒಂದೇ ತೆರನಾದ್ದರಿಂದ, ಕಣ್ಣು ಅದನ್ನು ಮುಂದೆ ಬಂದ ಅರವೆಂದು ತಿಳಿಯದೆ, ಹಿಂದೆ ಸರಿದ ಅರವೆಂದು ತಿಳಿಯುತ್ತದೆ. ಹತ್ತಿರದ್ದನ್ನು ನಂಬುವುದು ಕಣ್ಣಿನ ಜಾಡ್ಯ. ನನ್ನ ಜಾಡ್ಯವೂ ಅದೇ ಎಂಬುದನ್ನು ಮುಂದೆ ಕಾಣುವಿರಿ.

ಎಲ್ಲಕ್ಕಿಂತ ಹೆಚ್ಚು ಸಿಗುವುದು ಹೊಂದಿಕೆಯ ತಪ್ಪು. ಲೋಟದ ಹಾಲು ಕುಡಿದಷ್ಟೂ ಹೆಚ್ಚುತ್ತದೆ. ಗೋಡೆಯ ಗಡಿಯಾರ ಒಂದು ಮಾತಿಗೂ ಅದರ ಉತ್ತರಕ್ಕೂ ನಡುವೆ ಎರಡು ಗಂಟೆ ನುಂಗುತ್ತದೆ. ಕಾರಣ ಸರಳವಾದದ್ದು. ಚಿತ್ರವನ್ನು ನಾವು ನೋಡುವ ಕ್ರಮದಲ್ಲಿ ಅವರು ತೆಗೆಯುವುದಿಲ್ಲ. ಒಂದು ಮನೆಯ ಒಳಗಿನ ದೃಶ್ಯಗಳೆಲ್ಲ ಒಂದು ವಾರ, ಬಾಗಿಲಾಚೆಯ ದೃಶ್ಯ ಮೂರು ತಿಂಗಳ ಮೇಲೆ, ಬೇರೊಂದು ಊರಿನಲ್ಲಿ. ಮಾತನಾಡುವ ಇಬ್ಬರಲ್ಲಿ ಒಬ್ಬರ ಮುಖವನ್ನು ಬೆಳಿಗ್ಗೆ ತೆಗೆದರೆ ಮತ್ತೊಬ್ಬರದು ಸಂಜೆ. ಯಾವ ಕೈಯಲ್ಲಿ ಛತ್ರಿಯಿತ್ತು, ಸೆರಗು ಯಾವ ಹೆಗಲ ಮೇಲಿತ್ತು ಎಂದು ಬರೆದಿಡಲೆಂದೇ ಒಬ್ಬ ಸಹಾಯಕರಿರುತ್ತಾರೆ. ಆದರೂ ಕೆಲವು ತಪ್ಪುಗಳನ್ನು ತಿಳಿದೂ ಬಿಡುವುದುಂಟು. ‘ಅಪೊಕ್ಯಾಲಿಪ್ಸ್ ನೌ’ ಚಿತ್ರದ ಸಂಕಲನಕಾರರಲ್ಲೊಬ್ಬರಾದ ಅಮೆರಿಕದ ವಾಲ್ಟರ್ ಮರ್ಚ್ ತಮ್ಮ ಪುಸ್ತಕದಲ್ಲಿ, ಎಲ್ಲಿ ಕತ್ತರಿಸಬೇಕೆಂಬುದಕ್ಕೆ ಆರು ಅಳತೆ ಹೇಳಿ ನೂರರಲ್ಲಿ ಅಂಕ ಹಂಚಿದ್ದಾರೆ. ಭಾವಕ್ಕೆ 51, ಕತೆಗೆ 23. ಪಾತ್ರಗಳು ನಿಂತ ಜಾಗ ಸರಿಹೊಂದಬೇಕೆಂಬುದಕ್ಕೆ ಕಟ್ಟಕಡೆಯ 4. ನಟಿಯ ಕಣ್ಣೀರು ನಿಜವಾಗಿದ್ದ ತುಂಡಿನಲ್ಲಿ ಬಳೆ ಬೇರೆಯಾಗಿದ್ದರೆ, ಬಳೆ ಹೋಗಲಿ, ಕಣ್ಣೀರು ಇರಲಿ ಎನ್ನುತ್ತಾರೆ. ಬಳೆ ನೋಡುವವರು ನಾವು ನಾಲ್ಕು ಜನ; ಅಳುವವರು ಸಾವಿರ ಜನ.

ತಪ್ಪಲ್ಲದ ತಪ್ಪುಗಳು

ಇನ್ನು ಅಂಕ ಕಳೆದುಕೊಂಡವರ ಸಂಗತಿ.

ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ದೂರದರ್ಶನದಲ್ಲಿ ಮೊದಲು ಬಂದದ್ದು 1988ರ ಅಕ್ಟೋಬರ್ 2ರಿಂದ 1990ರ ಜೂನ್‌ವರೆಗೆ. 2020ರಲ್ಲಿ ಕೊರೋನಾ ಎಲ್ಲರನ್ನೂ ಮನೆಯಲ್ಲಿ ಕೂಡಿಹಾಕಿದಾಗ ಅದನ್ನು ಮತ್ತೆ ತೋರಿಸಿದರು. ಆಗ ಭೀಷ್ಮರ ಬೆನ್ನ ಹಿಂದೆ ಏರ್ ಕೂಲರ್ ಕಾಣುತ್ತದೆಂದು ಒಂದು ಚಿತ್ರ ದೇಶವೆಲ್ಲ ಸುತ್ತಿತು. ದೆಹಲಿಯ ಬೇಸಗೆ ಉಂಡವರಿಗೆ ಪಿತಾಮಹರ ಮೇಲೆ ಕನಿಕರವೇ ಹುಟ್ಟಿತು. ಆದರೆ ಅದು ಕೂಲರಲ್ಲ, ಕಂಬದ ಮೇಲಿನ ಅಲಂಕಾರ ಎಂದು ಮತ್ತೆ ಕೆಲವರು ಕಣ್ಣರಳಿಸಿ ನೋಡಿ ಹೇಳಿದರು. ನಕ್ಕವರು ಸಾವಿರಾರು, ಮತ್ತೊಮ್ಮೆ ನೋಡಿದವರು ಕೆಲವೇ ಮಂದಿ.

ನಮ್ಮ ಬೀದಿಗಳಲ್ಲೇ ತೆಗೆದ ಚಿತ್ರ ‘ಟ್ವೆಲ್ತ್ ಫೇಲ್’. ವಿಧು ವಿನೋದ್ ಚೋಪ್ರಾ ಅವರದು, 2023ರ ಅಕ್ಟೋಬರಿನಲ್ಲಿ ಬಂದದ್ದು. ಅದನ್ನು ನೋಡುವಾಗ ನಮ್ಮ ಹುಡುಗರ ಉತ್ಸಾಹ ಹೇಳತೀರದು. ಪಾತ್ರಗಳಿಗಿಂತ ಅಂಗಡಿಗಳನ್ನೇ ಗುರುತಿಸುತ್ತಿದ್ದರು. ನಡುವೆ ವಿಜಯಪುರದ ಹುಡುಗನೊಬ್ಬ ಎದ್ದು ನಿಂತು, “ತಪ್ಪು ಸಾರ್! ನಾಲ್ಕನೇ ಸಲವೇ ಕೊನೇ ಸಲ ಅಂತಾರೆ. ಸಾಮಾನ್ಯ ವರ್ಗಕ್ಕೆ ಆರು ಸಲ ಉಂಟಲ್ಲ!” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಗಂಧ ಬಳಿದು ನೋಡಿದಾಗ, ಆರು ಸಲ ಎಂಬ ನಿಯಮ ಬಂದದ್ದು 2014ರಲ್ಲಿ. ಚಿತ್ರದ ಕಾಲ ಹಿಂದಿನ ಶತಮಾನದ ಕೊನೆ, ಈ ಶತಮಾನದ ಆರಂಭ. ಆಗ ಇದ್ದದ್ದು ನಾಲ್ಕೇ. ಅಂದಿನ ಪರೀಕ್ಷೆಯಲ್ಲಿ ಮುಖ್ಯ ಪತ್ರಿಕೆಗಳಿಗೆ 2000, ಸಂದರ್ಶನಕ್ಕೆ 300 ಅಂಕ. 2013ರಿಂದ ಅದು 1750 ಮತ್ತು 275. ಇಂದಿನ ನಿಯಮದಿಂದ ನಿನ್ನೆಯವರನ್ನು ಅಳೆದವನಿಗೆ ಮೂರರಲ್ಲೊಂದು ಹೋಯಿತು. ಹುಡುಗ ಸುಮ್ಮನೆ ಕುಳಿತ. ಅವನದು ಮೂರನೆಯ ಸಲ. ಎಣಿಕೆಯ ಕಷ್ಟ ಬಲ್ಲವನು.

ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ (1986) ಬಗ್ಗೆಯೂ ಜಗಳವಾಗಿದೆ. ಆಗುಂಬೆಯಲ್ಲಿ ತೆಗೆದ ಈ ಧಾರಾವಾಹಿ ಹಿಂದಿಯಲ್ಲಿ ಬಂದದ್ದರಿಂದ ನಮ್ಮ ನೆರೆಯ ಪಂಜಾಬಿ ಮನೆಯವರಿಗೂ ಸ್ವಾಮಿ ಮನೆಮಗನೇ. ಮಲ್ಲೇಶ್ವರ, ಬಸವನಗುಡಿ ಎರಡನ್ನೂ ಕೂಡಿಸಿ ‘ಮಾಲ್ಗುಡಿ’ ಮಾಡಿದರೆಂದು ಬೆಂಗಳೂರಿನವರು ಎದೆ ತಟ್ಟಿ ಹೇಳುವುದುಂಟು. ಆದರೆ ಆರ್.ಕೆ. ನಾರಾಯಣ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರುವುದೇ ಬೇರೆ: ಅಜ್ಜಿ ನೋಡಿ ಹೇಳಿದ ಒಳ್ಳೆಯ ದಿನದಂದು ನೋಟು ಪುಸ್ತಕ ಮುಂದಿಟ್ಟುಕೊಂಡು ಕುಳಿತಾಗ, ಪುಟ್ಟ ರೈಲು ನಿಲ್ದಾಣದೊಡನೆ ಆ ಊರು ತಾನಾಗಿ ಕಣ್ಣ ಮುಂದೆ ಬಂತಂತೆ. ಕೂಡಿಸುವ ಲೆಕ್ಕದ ಮಾತೇ ಅಲ್ಲಿಲ್ಲ.

ನೆನಪಿನ ತಪ್ಪುಗಳೇ ಬೇರೊಂದು ಜಾತಿ. ‘ಕಸ್ತೂರಿ ನಿವಾಸ’ವನ್ನು ಬಣ್ಣದಲ್ಲಿ ನೋಡಿದ ಮಕ್ಕಳು ಅದು ಬಣ್ಣದ ಚಿತ್ರವೆಂದೇ ವಾದಿಸುತ್ತಾರೆ. 1971ರಲ್ಲಿ ಅದು ಬಂದದ್ದು ಕಪ್ಪು ಬಿಳುಪಿನಲ್ಲಿ. ಬಣ್ಣ ತುಂಬಿ ಬಿಡುಗಡೆ ಮಾಡಿದ್ದು 2014ರಲ್ಲಿ. ರಾಜಕುಮಾರ್ ಅವರ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ (1954) ಎಂಬುದು ಎಲ್ಲರ ಬಾಯಲ್ಲಿದೆ. ನಾಯಕನಾಗಿ ಮೊದಲನೆಯದು ನಿಜ. ಆದರೆ 1952ರ ‘ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳಲ್ಲೊಬ್ಬರಾಗಿ ಅವರು ಆಗಲೇ ತೆರೆಯ ಮೇಲೆ ನಿಂತಿದ್ದರು. ‘ಸಂಪತ್ತಿಗೆ ಸವಾಲ್’ (1974) ಚಿತ್ರದ ಎಮ್ಮೆಯ ಹಾಡೇ ಅವರು ಚಿತ್ರಕ್ಕೆ ಹಾಡಿದ ಮೊದಲ ಹಾಡೆಂದು ನಾನೂ ನಂಬಿದ್ದೆ. ನಮ್ಮಾಕೆ ಅಡಿಗೆಮನೆಯಿಂದಲೇ, “ಏನೂಂದ್ರೆ, ಮಹಿಷಾಸುರ ಮರ್ದಿನಿ ಮರೆತುಹೋಯ್ತೇ? ಜಾನಕಿಯವರ ಜೊತೆ ಹಾಡಿದಾರಲ್ಲ” ಎಂದರು. 1959ರ ಚಿತ್ರ. ಹದಿನೈದು ವರ್ಷ ಮುಂಚೆ! ಅವರಿಗೆ ಒಂದು ಅಂಕ, ನನಗೆ ಕಡಿತ.

ನನ್ನ ತಪ್ಪು ಹೇಗಾಯಿತು

ಇಷ್ಟೆಲ್ಲ ಕಟ್ಟಳೆ ಕಟ್ಟಿದವನು ತನ್ನ ಬರಹಕ್ಕೆ ಗಂಧ ಬಳಿಯಲಿಲ್ಲ. ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತೆಂಬುದು ನನಗೆ ಗೊತ್ತಿತ್ತು. ಹಣ ಹಾಕಿದ ಚಮನ್‌ಲಾಲ್ ಡೂಂಗಾಜಿಯವರು ಬೆಂಗಳೂರಿನ ವರ್ತಕರೆಂಬುದೂ ಗೊತ್ತಿತ್ತು. ತೋರಿಸಿದ್ದು ಬೆಂಗಳೂರು, ಹಣ ಬೆಂಗಳೂರಿನದು. ತಯಾರಾದದ್ದೂ ಅಲ್ಲೇ ಇರಬೇಕೆಂದು ಬರೆದುಬಿಟ್ಟೆ. ರಥದ ಚಕ್ರದಲ್ಲಿ ಕಣ್ಣು ಮಾಡುವ ಕೆಲಸವನ್ನೇ ನಾನು ಲೇಖನಿಯಲ್ಲಿ ಮಾಡಿದೆ, ಹತ್ತಿರದ್ದನ್ನು ನಂಬಿದೆ.

ನಿಜವೆಂದರೆ, ವೈ.ವಿ. ರಾವ್ ನಿರ್ದೇಶಿಸಿದ ಆ ಚಿತ್ರಕ್ಕಾಗಿ ನಟರೆಲ್ಲ ಕೊಲ್ಹಾಪುರಕ್ಕೆ ಹೋದರು. ಅಲ್ಲಿನ ಛತ್ರಪತಿ ಸ್ಟುಡಿಯೋದಲ್ಲಿ ಸುಬ್ಬಯ್ಯನಾಯ್ಡು ಇಂದ್ರಜಿತುವಾದರು, ಆರ್. ನಾಗೇಂದ್ರರಾಯರು ರಾವಣರಾದರು, ತ್ರಿಪುರಾಂಬ ಸುಲೋಚನೆಯಾದರು. ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಮತ್ತೊಂದು ಸೂಕ್ಷ್ಮವೂ ಉಂಟು: ‘ಮೊದಲ ಚಿತ್ರ’ ಎಂದರೆ ಬಿಡುಗಡೆಯಾದ ಮೊದಲ ಚಿತ್ರ. ಅದಕ್ಕಿಂತ ಮುಂಚೆ ಚಿತ್ರೀಕರಣಕ್ಕೆ ತೊಡಗಿದ್ದು ‘ಭಕ್ತ ಧ್ರುವ’. ಅದು ಅದೇ ವರ್ಷ ಇದರ ಹಿಂದೆ ತೆರೆ ಕಂಡಿತು. ಧ್ರುವ ತಯಾರಾದದ್ದೂ ಮುಂಬಯಿಯಲ್ಲಿ. ಆಮೇಲೆ ಬಹುಕಾಲ ನಮ್ಮ ಚಿತ್ರಗಳಿಗೆ ಮದರಾಸಿನ ಸ್ಟುಡಿಯೋಗಳೇ ಆಸರೆ.

ಇದನ್ನೆಲ್ಲ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಹೇಳಿ, “ತಪ್ಪು ನನ್ನದು ಮಗು, ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಹೇಳುತ್ತೇನೆ” ಎಂದೆ. ಅವಳ ಮುಖ ಅರಳಿದ್ದು ನನ್ನ ತಪ್ಪೊಪ್ಪಿಗೆಗಲ್ಲ.

“ಹಾಗಾದರೆ ಕನ್ನಡ ಸಿನಿಮಾನೂ ನನ್ನ ಹಾಗೆ ಹೊರಗಡೆ ಹುಟ್ಟಿದ್ದಾ ತಾತ?”

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಹೌದಲ್ಲ! ಮಾತು ಕನ್ನಡ, ಹುಟ್ಟಿದ ನೆಲ ಬೇರೆ. ಊರಿಗೆ ಹೋದಾಗ “ದೆಹಲಿಯವಳು” ಎನ್ನಿಸಿಕೊಂಡು, ಇಲ್ಲಿ “ಮದ್ರಾಸಿ” ಎನ್ನಿಸಿಕೊಳ್ಳುವ ಮಗುವಿಗೆ ಆ ಒಂದು ಊರಿನ ಹೆಸರು ಎಷ್ಟು ಬೇಕಾಗಿತ್ತು! ಅದನ್ನೇ ನಾನು ಅಳಿಸಿ ಬೆಂಗಳೂರೆಂದು ಬರೆದಿದ್ದೆ. ಸಣ್ಣ ಸಂಗತಿಯ ತಪ್ಪು ಸಣ್ಣ ತಪ್ಪಲ್ಲವೆಂದು ಆಗ ತಿಳಿಯಿತು.

ತಪ್ಪು ಸಿಗದ ಚಿತ್ರ

“ಈ ಭಾನುವಾರ ಅದನ್ನೇ ಹಾಕೋಣ ತಾತ. ತಪ್ಪೆಲ್ಲ ನಾನೇ ಹಿಡೀತೀನಿ” ಎಂದಳು.

ಆಗ ಹೇಳಬೇಕಾಯಿತು: ‘ಸತಿ ಸುಲೋಚನ’ವನ್ನು ಯಾರೂ ಹಾಕಲಾರರು. ಅದರ ಪ್ರತಿ ಎಲ್ಲಿಯೂ ಉಳಿದಿಲ್ಲ. ಕೆಲವು ಛಾಯಾಚಿತ್ರಗಳುಂಟು, ಬರೆದಿಟ್ಟ ಕೆಲವು ಸಂಗತಿಗಳುಂಟು, ಅಷ್ಟೆ. ಹಿಂದಿಯ ಮೊದಲ ವಾಕ್ಚಿತ್ರ ‘ಆಲಂ ಆರಾ’ (1931) ಕೂಡ ಇಲ್ಲ. ಆ ಕಾಲದ ಫಿಲ್ಮು ನೈಟ್ರೇಟಿನದು. ಕಿಡಿ ಸೋಕಿದರೆ ಧಗ್ಗನೆ ಉರಿಯುವುದು, ಸೆಕೆಯಲ್ಲಿಟ್ಟರೆ ಅಂಟಂಟಾಗಿ ಕೊನೆಗೆ ಪುಡಿಯಾಗುವುದು. ಓಟ ಮುಗಿದ ಚಿತ್ರದ ಸುರುಳಿಗಳನ್ನು ಅದರಲ್ಲಿನ ಬೆಳ್ಳಿಗಾಗಿ ಮಾರಿದವರೂ ಇದ್ದರು. ಚಿತ್ರಗಳನ್ನು ಕಾಪಿಡಲು ಪುಣೆಯಲ್ಲಿ ರಾಷ್ಟ್ರೀಯ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ಸುಲೋಚನೆ ತೆರೆಗೆ ಬಂದು ಆಗಲೇ ಮೂವತ್ತು ವರ್ಷ ಕಳೆದಿತ್ತು.

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. “ಹಾಗಾದರೆ ಅದರಲ್ಲಿ ಒಂದೂ ತಪ್ಪು ಸಿಗಲ್ವಾ?”

“ಇದ್ದಿರಬೇಕು ಮಗು. ಹುಡುಕೋಕೆ ಚಿತ್ರವೇ ಇಲ್ಲ.”

ವಾಚಕರೇ, ತಪ್ಪು ಹುಡುಕುವುದು ಒಂದು ಭಾಗ್ಯವೆಂದು ನಾನು ಎಂದೂ ಎಣಿಸಿರಲಿಲ್ಲ. ಬಳೆ ಬದಲಾದದ್ದು ಕಾಣಬೇಕಾದರೆ ಬಳೆಯ ಚಿತ್ರ ಉಳಿದಿರಬೇಕು. ಚಿತ್ರ ಹೋದಮೇಲೆ ಉಳಿಯುವುದು ನಾವು ‘ಪುಡಿ ವಿಷಯ’ ಎಂದು ತಳ್ಳಿಹಾಕುವ ಇಂಥವೇ: ಯಾವ ದಿನ, ಯಾವ ಟಾಕೀಸು, ಯಾವ ಊರು, ರಾವಣ ಯಾರು. ಚಿತ್ರವಿದ್ದರೆ ನನ್ನ ತಪ್ಪನ್ನು ಚಿತ್ರವೇ ತಿದ್ದೀತು. ಚಿತ್ರವಿಲ್ಲದಾಗ ನನ್ನ ತಪ್ಪೇ ನಿಜವಾಗಿ ಕುಳಿತುಬಿಡುತ್ತದೆ. ಅದನ್ನು ತಿದ್ದಬಲ್ಲದ್ದು ಗೊತ್ತಿದ್ದವರ ನೆನಪೊಂದೇ. ಆ ನೆನಪಿಗೆ ಈಗ ವಯಸ್ಸಾಗಿದೆ, ಅದರ ಕಿವಿ ಮಂದವಾಗಿದೆ.

ಮೊಮ್ಮಗಳು ಸುಮ್ಮನಿರಲಿಲ್ಲ. ನೋಟು ಪುಸ್ತಕವೊಂದನ್ನು ತಂದು ಪುಟದ ನಡುವೆ ಗೆರೆ ಎಳೆದಳು. ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಕೇಳಿದ್ದು’ ಎಂದು ಕನ್ನಡದಲ್ಲಿ ಬರೆದು ಅಡಿಗೆಮನೆಗೆ ನಡೆದಳು. “ಅಜ್ಜಿ, ನೀವು ಮೊದಲು ನೋಡಿದ ಸಿನಿಮಾ ಯಾವುದು?”

ನಮ್ಮಾಕೆ ಒಲೆ ಸಣ್ಣಗೆ ಮಾಡಿ ಹೇಳತೊಡಗಿದರು. ಚನ್ನರಾಯಪಟ್ಟಣದ ಟೆಂಟು; ನೆಲದ ಟಿಕೀಟು; ಮರಳು ಗುಡ್ಡೆ ಮಾಡಿ ಅದರ ಮೇಲೆ ಕುಳಿತದ್ದು; ಸೋದರತ್ತೆಯ ಸೆರಗಿನ ಗಂಟಿನಲ್ಲಿ ಹುರಿಗಡಲೆ. ಚಿತ್ರ ‘ಅಮರಶಿಲ್ಪಿ ಜಕಣಾಚಾರಿ’. ಬಣ್ಣ ಕಂಡು ಟೆಂಟಿನ ಜನವೆಲ್ಲ ಒಮ್ಮೆಗೇ “ಹೋ” ಎಂದರಂತೆ. ನಲವತ್ತೆಂಟು ವರ್ಷ ಸಂಸಾರ ಮಾಡಿದ ನನಗೆ ಇದೊಂದೂ ಗೊತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

“ಯಾವ ವರ್ಷ ಅಜ್ಜಿ?”

“ಅರವತ್ತನಾಲ್ಕು.”

“ಗಂಧ ಬಳೀರಿ ಅಜ್ಜಿ!”

ನಮ್ಮಾಕೆ ಸೌಟು ಹಿಡಿದು ಲೆಕ್ಕ ಹಾಕಿದರು. ತಮ್ಮ ಹುಟ್ಟಿದ ವರ್ಷ, ತಾವು ಆಗ ಓದುತ್ತಿದ್ದ ತರಗತಿ ಎಲ್ಲ ಸೇರಿಸಿ, ಟೆಂಟಿಗೆ ಚಿತ್ರ ಬರುವುದು ಪಟ್ಟಣದಲ್ಲಿ ಓಡಿದ ಎಷ್ಟೋ ದಿನಗಳ ಮೇಲೆ ಎಂಬುದನ್ನೂ ನೆನೆದು, “ಅರವತ್ತಾರು ಇರಬೇಕು ಕಣೇ” ಎಂದರು. ಹುಡುಗಿ ವರ್ಷವನ್ನು ಬರೆದು ಪಕ್ಕದಲ್ಲಿ ‘ಇರಬೇಕು’ ಎಂದೂ ಬರೆದಳು. ಆ ಒಂದು ಪದವನ್ನು ನಾನು ಕಳೆದ ಸಂಚಿಕೆಯಲ್ಲಿ ಬರೆದಿದ್ದರೆ ಅವಳ ಬಹುಮಾನ ಉಳಿಯುತ್ತಿತ್ತು.

ಈ ಸಂಚಿಕೆಯ ಪ್ರಶ್ನೆಗಳು

ಉತ್ತರಗಳನ್ನು ಅಂಚೆಯಲ್ಲಾದರೂ ಕಳಿಸಿ, ಸಂಘದ ಕಾರ್ಯಕ್ರಮಕ್ಕೆ ಬಂದಾಗ ಕೈಯಲ್ಲಾದರೂ ಕೊಡಿ. ಮಕ್ಕಳ ಕೈಬರಹದಲ್ಲಿದ್ದರೆ ಹೆಚ್ಚು ಸಂತೋಷ.

1. ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಾಣುವುದು ಶಿವಮೊಗ್ಗ ಜಿಲ್ಲೆಯ ಯಾವ ನಿಲ್ದಾಣ?

2. ‘ಸತಿ ಸುಲೋಚನ’ದ ಇಂದ್ರಜಿತು ಸುಬ್ಬಯ್ಯನಾಯ್ಡು ಅವರ ಮಗ ‘ಭೂತಯ್ಯನ ಮಗ ಅಯ್ಯು’ (1974) ಚಿತ್ರದಲ್ಲಿ ಅಯ್ಯುವಾದರು. ಅವರು ಯಾರು?

3. ವಿಷ್ಣುವರ್ಧನ್ ‘ನಾಗರಹಾವು’ (1972) ಚಿತ್ರಕ್ಕೆ ಮುಂಚೆಯೇ ಒಂದು ಕನ್ನಡ ಚಿತ್ರದಲ್ಲಿ ಕಾಣಿಸಿಕೊಂಡಿದ್ದರು. ಅದು ಯಾವುದು?

4. ನಿಮ್ಮ ಮನೆಯ ಹಿರಿಯರು ಮೊದಲು ನೋಡಿದ ಕನ್ನಡ ಚಿತ್ರ ಯಾವುದು? ಯಾವ ಊರು, ಯಾವ ಟಾಕೀಸು ಅಥವಾ ಟೆಂಟು, ಜೊತೆಗೆ ಯಾರಿದ್ದರು?

ಮೊದಲ ಮೂರಕ್ಕೆ ಒಂದೊಂದು ಅಂಕ, ತಪ್ಪಾದರೆ ಯಥಾಪ್ರಕಾರ ಮೂರರಲ್ಲೊಂದು ಕಡಿತ. ನಾಲ್ಕನೆಯದಕ್ಕೆ ಕಡಿತವಿಲ್ಲ. ಆದರೆ ಕಂಡದ್ದನ್ನು ಎಡಕ್ಕೆ, ಕೇಳಿದ್ದನ್ನು ಬಲಕ್ಕೆ ಬರೆಯಿರಿ. ವರ್ಷ ನಿಶ್ಚಯವಿಲ್ಲದಿದ್ದರೆ ‘ಇರಬೇಕು’ ಎಂದು ಸೇರಿಸಿ. ಹಿರಿಯರು ಮಧ್ಯಾಹ್ನ ಮಲಗೇಳುವ ಹೊತ್ತಿಗೆ ಕಾಫಿಯ ಲೋಟ ಕೈಗಿಟ್ಟು ಕೇಳಿದರೆ ಬೇಗ ನೆನಪಾಗುತ್ತದೆಂದು ನಮ್ಮ ಮನೆಯ ಅನುಭವ.

ಈ ಬಾರಿಯ ಬರಹದಲ್ಲೂ ತಪ್ಪು ಕಂಡರೆ ದಯಮಾಡಿ ತಿಳಿಸಿ. ಅಚ್ಚಿಗೆ ಕೊಡುವ ಮುಂಚೆ ಒಬ್ಬರು ಓದಿ ನೋಡಿದ್ದಾರೆ, ಹನ್ನೊಂದು ವರ್ಷದವರು. ಮೂರು ಕಡೆ ಪೆನ್ಸಿಲ್ ಗುರುತು ಹಾಕಿ “ಗಂಧ?” ಎಂದು ಬರೆದಿದ್ದರು. ಮೂರನ್ನೂ ಬಳಿದು ನೋಡಿ ಕಳಿಸಿದ್ದೇನೆ.